ಲೈಟು ಹಿಡಿದದ್ದು ಸಾಕು

ಕೊಳ್ಳೇಗಾಲದ ಯಾವ ಕಲ್ಯಾಣಮಂಟಪಕ್ಕಾದರೂ ಹೋಗಿ ನೋಡಿ. ವಿಡಿಯೋದವನು ಮುಂದೆ. ಅವನ ಪಕ್ಕದಲ್ಲಿ ತೋಳು ಬಿದ್ದುಹೋಗುವ ಹಾಗೆ ಲೈಟು ಎತ್ತಿ ಹಿಡಿದ ಒಬ್ಬ ಹುಡುಗ. ಹೊನ್ನೂರಿನಂಥ ಊರಿನ, ನಮ್ಮ ಕೇರಿಯಂಥ ಕೇರಿಯ ಹುಡುಗ. ಎಂಟನೇ ಕ್ಲಾಸೋ ಒಂಬತ್ತೋ. ಧಾರೆಯಿಂದ ಊಟದ ಪಂಕ್ತಿಯ ತನಕ ಎಲ್ಲರ ಮುಖಕ್ಕೂ ಬೆಳಕು ಕೊಡುತ್ತಾನೆ. ಅವನ ಮುಖ ಮಾತ್ರ ವಿಡಿಯೋದಲ್ಲಿ ಇರುವುದಿಲ್ಲ. "ಕ್ಯಾಮೆರಾ ಮುಟ್ಬೇಡ ಕಣ್ಲಾ" ಅಂತಾರೆ. ಮುಟ್ಟಬೇಡ ಅನ್ನೋ ಮಾತು ನಮಗೇನು ಹೊಸದೇ?

ಅದಕ್ಕೇ ನಾವು ಕೇಳುತ್ತಿದ್ದೇವೆ: ಸಿನಿಮಾ ಮಾಡುವುದನ್ನು, ಪೇಪರು ಟೀವಿಗಳ ಒಳಗುಟ್ಟನ್ನು ನಮ್ಮ ಹೈಸ್ಕೂಲುಗಳಲ್ಲಿ ಪಾಠವಾಗಿ ಯಾಕೆ ಕಲಿಸಬಾರದು?

"ಮೊದಲು ಕನ್ನಡ ನೆಟ್ಟಗೆ ಓದೋಕೆ ಬರ್ಲಿ ಬುಡ್ರಪ್ಪ" ಎಂದು ನಗುವವರಿದ್ದಾರೆ. ನಾವು ಸ್ಲೇಟು ಹಿಡಿದು ಹೊರಟಾಗಲೂ ಇಂಥವರು ಜಗಲಿ ಮೇಲೆ ಕೂತು ನಕ್ಕಿದ್ದರು. ಹಣವಂತರ ಮಕ್ಕಳು ಓದುವ ಐಬಿ ಪಠ್ಯದಲ್ಲಿ ಫಿಲ್ಮ್ ಎಂಬುದೇ ಒಂದು ವಿಷಯ. ಸಿಬಿಎಸ್‌ಇಯಲ್ಲಿ 11, 12ನೇ ತರಗತಿಗೆ ಮಾಸ್ ಮೀಡಿಯಾ ಇದೆ. ನಮ್ಮ ಸರ್ಕಾರಿ ಹೈಸ್ಕೂಲುಗಳಿಗೆ ವೃತ್ತಿಶಿಕ್ಷಣ ಅಂತ ಬಂದ ಹೆಸರುಗಳು ಆಟೋಮೊಬೈಲು, ರೀಟೇಲು, ಬ್ಯೂಟಿ ಅಂಡ್ ವೆಲ್‌ನೆಸ್ಸು. ಗಾಡಿ ರಿಪೇರಿ ಕೀಳು ಎಂದು ನಾವು ಹೇಳುತ್ತಿಲ್ಲ. ಕೈಕಸುಬನ್ನು ಕೀಳು ಮಾಡಿದವರು ನಾವಲ್ಲ. ಆದರೆ ಸ್ಪ್ಯಾನರು ಇವನಿಗೆ, ಕ್ಯಾಮೆರಾ ಅವನಿಗೆ ಎಂದು ಹಂಚಿದ ಕೈ ಯಾವುದು ಸ್ವಾಮಿ? ಆ ಹಳೇ ಕೈಯ ಗುರುತು ನಮಗಿದೆ.

ನಮ್ಮ ಸೀಮೆಯನ್ನು ಜಗತ್ತು ಪರದೆಯ ಮೇಲೆ ಕಂಡದ್ದು ಹೇಗೆ? ಹನೂರು, ಕೊಳ್ಳೇಗಾಲ ಅಂದರೆ ವೀರಪ್ಪನ್. 'ಅಟ್ಟಹಾಸ' 2013ರಲ್ಲಿ ಬಂತು, 'ಕಿಲ್ಲಿಂಗ್ ವೀರಪ್ಪನ್' 2016ರಲ್ಲಿ ಬಂತು. ಮೀಸೆಗೆ ಎಷ್ಟು ಬೆಳಕು, ಬಂದೂಕಿಗೆ ಎಷ್ಟು ಬೆಳಕು! ಅದೇ ಕಾಡಂಚಿನ ಬಡವರು ಕಾರ್ಯಪಡೆಯ ಕೈಗೆ ಸಿಕ್ಕಿ ಅನುಭವಿಸಿದ ಹಿಂಸೆಯ ದೂರು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಬೇಕಾಯಿತು. ಆ ದೂರು ಹೇಳಿದ ಹೆಂಗಸರ ಮಕ್ಕಳ ಕೈಯಲ್ಲಿ ಕ್ಯಾಮೆರಾ ಇದ್ದಿದ್ದರೆ ಕಥೆಯ ನಾಯಕಿ ಯಾರಾಗುತ್ತಿದ್ದಳು?

'ಚೋಮನ ದುಡಿ' ನೋಡಿ ನಾವೂ ಅತ್ತಿದ್ದೇವೆ. ಶಿವರಾಮ ಕಾರಂತರು 1933ರಲ್ಲಿ ಬರೆದರು, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಗೌರವವಿದೆ, ಇಲ್ಲವೆನ್ನುವುದಿಲ್ಲ. ಆದರೆ ಚೋಮ ತುಂಡು ನೆಲ ಸಿಗದೆ ದುಡಿ ಬಡಿದು ಸಾಯುತ್ತಾನೆ, ನಾವು ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ. ಚೋಮನ ಮೊಮ್ಮಗ ಅದನ್ನು ತೆಗೆದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದನೇ?

ಮರಾಠಿಯಲ್ಲಿ ನಾಗರಾಜ ಮಂಜುಳೆ ನಿಲ್ಲಿಸಲಿಲ್ಲ. ಸೊಲ್ಲಾಪುರ ಜಿಲ್ಲೆಯ ವಡ್ಡರ ಮನೆಯವರು. 'ಫಂಡ್ರಿ'ಯಲ್ಲಿ (2013) ಜಬ್ಯಾನ ಮನೆಯವರು ಹಿಡಿದ ಹಂದಿಯನ್ನು ಹೊತ್ತು ನಡೆಯುವಾಗ ಹಿಂದೆ ಶಾಲೆಯ ಗೋಡೆ, ಗೋಡೆಯ ಮೇಲೆ ಬಾಬಾಸಾಹೇಬರು. ಕೊನೆಗೆ ಹುಡುಗ ಎಸೆದ ಕಲ್ಲು ಸೀದಾ ಕೂತು ನೋಡುವವರ ಮುಖಕ್ಕೇ ಬರುತ್ತದೆ. ಆ ಗೋಡೆಯನ್ನು ಎಲ್ಲಿ ನಿಂತು ತೆಗೆಯಬೇಕು ಎನ್ನುವುದು ಅಂಥ ಗೋಡೆಯ ಮುಂದೆ ತಲೆ ತಗ್ಗಿಸಿ ನಡೆದವರಿಗೆ ಗೊತ್ತು. ಆದರೆ ನೋವು ಒಂದೇ ಇದ್ದರೆ ಸಾಲದು, ಮಂಜುಳೆ ಕಾಲೇಜಿನಲ್ಲಿ ಸಂವಹನವನ್ನೂ ಓದಿದವರು. ನಮ್ಮದೇ ಸೀಮೆಯ ಸಿಂಗಾನಲ್ಲೂರಿನ ಮುತ್ತುರಾಜರಿಗೆ, ಅಂದರೆ ರಾಜ್‌ಕುಮಾರರಿಗೆ, ನಾಟಕ ಕಂಪನಿಯೇ ಶಾಲೆಯಾಯಿತು. ಇವತ್ತಿನ ಹೊನ್ನೂರಿನ ಹುಡುಗಿಗೆ ಯಾವ ಬಾಗಿಲಿದೆ?

"ಮಕ್ಕಳು ಕೆಡ್ತಾವೆ" ಅಂತೀರಾ? 2020ರಲ್ಲಿ ಶಾಲೆ ಮುಚ್ಚಿದಾಗ ಪಾಠ ಬಂದದ್ದು ಚಂದನ ಟೀವಿಯಲ್ಲಿ, ಫೋನಿನಲ್ಲಿ. ಫೋನಿಲ್ಲದ ನಮ್ಮ ಮಕ್ಕಳು ಅಂದು ಪಕ್ಕದ ಮನೆ ಹೊಸ್ತಿಲಲ್ಲಿ ನಿಂತು ಇಣುಕಿದರು. ಈಗ ಅದೇ ಫೋನು ಕಂಡರೆ ಕಸಿದು ಬೀರುವಿಗೆ ಹಾಕುತ್ತೀರಿ. ನೋಡುವುದನ್ನಂತೂ ಅವು ಬಿಟ್ಟಿಲ್ಲ. ಹೇಗೆ ನೋಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ದೊಡ್ಡ ಸ್ಟುಡಿಯೋ ನಾವು ಕೇಳುತ್ತಿಲ್ಲ. ಜಗಲಿ ಮೇಲೆ ಫೋನಿಟ್ಟು ಅಂಗಳದಲ್ಲಿ ಕೂತವರನ್ನು ತೆಗೆಯಲಿ. ಆಮೇಲೆ ಅಂಗಳದಲ್ಲಿಟ್ಟು ಜಗಲಿಯವರನ್ನು ತೆಗೆಯಲಿ. ಯಾರು ಗಿಡ್ಡ, ಯಾರು ಎತ್ತರ ಅಂತ ಮಕ್ಕಳೇ ಹೇಳುತ್ತಾರೆ. ಇನ್ನೊಂದು ದಿನ ಕತ್ತರಿಯ ಪಾಠ: ಕೇರಿಯ ಅವ್ವ ಅರ್ಧ ಗಂಟೆ ಹೇಳಿದ್ದು ಟೀವಿಯಲ್ಲಿ ಅರ್ಧ ನಿಮಿಷವಾದರೆ, ಯಾವ ಅರ್ಧ ನಿಮಿಷ ಉಳಿಯಿತು, ಉಳಿಸಿದವರು ಯಾರು? ಪೇಪರಿನಲ್ಲಿ 'ಎರಡು ಗುಂಪುಗಳ ನಡುವೆ ಘರ್ಷಣೆ' ಅಂತ ಬಂದಾಗ ಹೊಡೆದವರು ಎಲ್ಲಿ ಹೋದರು, ಹೊಡೆಸಿಕೊಂಡವರು ಎಲ್ಲಿ ಹೋದರು? ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಪತ್ರಿಕೆ ತೆಗೆದದ್ದು ಹೊತ್ತು ಹೋಗದೆ ಅಲ್ಲ. ನೀಲಗಾರರು ಮಂಟೇಸ್ವಾಮಿಯನ್ನು ಹಾಡುವುದನ್ನು ಹೊರಗಿನವರು ಬಂದು ರೆಕಾರ್ಡು ಮಾಡಿಕೊಂಡು ಹೋಗುತ್ತಾರೆ. ಅವರ ಮಕ್ಕಳೇ ಯಾಕೆ ಮಾಡಬಾರದು?

ಮೇಷ್ಟ್ರೇ, ಈ ಪತ್ರಿಕೆ ಓದುವ ನಿಮ್ಮನ್ನೇ ಕೇಳುತ್ತಿದ್ದೇವೆ. ಸಿಲಬಸ್ಸು ಬರಲಿ ಅಂತ ಕಾಯಬೇಡಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಿಮ್ಮ ಫೋನು ಕೊಡಿ. ಕಲ್ಯಾಣಮಂಟಪದ ಆ ಹುಡುಗನನ್ನು ಮೊದಲು ಕರೆಯಿರಿ. ಅವನು ತೆಗೆಯುವಾಗ ಲೈಟು ನೀವು ಹಿಡಿಯಿರಿ.