ಬಚ್ಚಲಿಗೊಂದು ಹಿಡಿಕೆ ಹಾಕಿಸಿ

‘ವಯಸ್ಸಾಯ್ತಲ್ಲ, ಬಿದ್ದುಬಿಟ್ರು’ ಅನ್ನುವ ಮಾತನ್ನು ಇನ್ನಾದರೂ ಬಿಡೋಣ. ಹಿರಿಯರನ್ನು ಕೆಡವಿದ್ದು ಬರೀ ವಯಸ್ಸಲ್ಲ. ಮನೆ ಚೆಂದ ಕಾಣಲೆಂದು ನಾವೇ ಆರಿಸಿ ಹಾಕಿಸಿದ ಹೊಳೆಯುವ ಟೈಲ್ಸ್, ಕಾಲಿಗೆ ತೊಡರುವ ಮ್ಯಾಟು, ಸವೆದ ಹವಾಯಿ ಚಪ್ಪಲಿ, ‘ಮುಂದಿನ ವರ್ಷ ನೋಡೋಣ’ ಎಂದು ತಳ್ಳಿದ ಕಣ್ಣಿನ ಪೊರೆ ಆಪರೇಷನ್. ಬಿಪಿ ಮಾತ್ರೆ, ನಿದ್ದೆ ಮಾತ್ರೆ ನುಂಗಿ ಮಲಗಿದವರು ನಡುರಾತ್ರಿ ಮೂತ್ರಕ್ಕೆಂದು ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಮಕ್ಕಳ ನಿದ್ದೆ ಕೆಡಬಾರದೆಂದು ಲೈಟೂ ಹಾಕುವುದಿಲ್ಲ. ಆಯ ತಪ್ಪಿದಾಗ ಕೈಗೆ ಸಿಗುವುದು ಟವೆಲ್ ಹಾಕುವ ಕಂಬಿ. ಅದು ಮೈಭಾರಕ್ಕೆ ಗೋಡೆಯಿಂದ ಕಿತ್ತು ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಹೆಚ್ಚಿನವರು 60 ದಾಟಿದವರು. ಉಳಿದುಕೊಂಡವರ ಪಾಡೇನು? ಸೊಂಟದ ಮೂಳೆಗೆ ಪ್ಲೇಟು, ಸ್ಕ್ರೂ ಹಾಕಿ ಕಳಿಸುತ್ತಾರೆ. ಮತ್ತೆ ಬಿದ್ದೇನು ಎಂಬ ಭಯಕ್ಕೆ ಓಡಾಟ ನಿಲ್ಲುತ್ತದೆ, ಕಾಲಿನ ಕಸುವು ಹೋಗುತ್ತದೆ, ಎರಡನೇ ಸಲ ಬೀಳುವುದು ಇನ್ನೂ ಸುಲಭವಾಗುತ್ತದೆ.

ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ಬಿಲ್ ಕೌಂಟರಿನ ಮುಂದೆ ನಿಂತ ಮಕ್ಕಳು ಫೋನಿನಲ್ಲೇ ತೀರ್ಮಾನ ಮಾಡಿರುತ್ತಾರೆ: ‘ಅಮ್ಮನ್ನ ಒಂದು ಒಳ್ಳೆ ಕಡೆ ಸೇರಿಸೋಣ.’ ಅಮ್ಮ ವಾರ್ಡಿನಲ್ಲಿ ಎಚ್ಚರವಾಗಿಯೇ ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ! ಎಷ್ಟೋ ವೃದ್ಧಾಶ್ರಮಗಳು ಎದ್ದು ಓಡಾಡುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಹಾಗೆ ಕಳಿಸುವವರೆಲ್ಲ ಕಟುಕರೆಂದು ನಾನು ಹೇಳುತ್ತಿಲ್ಲ. ಎತ್ತಿ ಕೂರಿಸಲು ಇಬ್ಬರು ಬೇಕಾಗಿ, ಮನೆಯಲ್ಲಿ ಹಗಲು ಯಾರೂ ಇಲ್ಲದಿದ್ದರೆ ಒಳ್ಳೆಯ ಆರೈಕೆ ಕೇಂದ್ರವೇ ಲೇಸು. (‘ಸೊಸೆ ನೋಡ್ಕೊಳ್ಳಲಿ’ ಎನ್ನುವ ಗಂಡಸರು ಒಂದು ವಾರ ತಾವೇ ಬೆಡ್‌ಪ್ಯಾನ್ ತೊಳೆದು ನೋಡಲಿ.) ಆದರೆ ಕೇಳಿ ಕಳಿಸಿ. ಕಳಿಸಿದ ಮೇಲೆ ಹೋಗಿ ಬಂದು ಮಾಡಿ. ಹೆತ್ತವರನ್ನು ಪೂರ್ತಿ ಕೈಬಿಡುವುದು ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ ಕುರಿತ 2007ರ ಕಾಯ್ದೆಯ ಪ್ರಕಾರ ಮೂರು ತಿಂಗಳವರೆಗೆ ಜೈಲಾಗಬಹುದಾದ ಅಪರಾಧ. ಹಿರಿಯರು ನೆರವಿಗಾಗಿ ಸ್ವತಃ 14567ಕ್ಕೆ ಕರೆ ಮಾಡಬಹುದು.

ಈ ಭಾನುವಾರವೇ ಕಮೋಡಿನ ಪಕ್ಕ ಸ್ಟೀಲಿನ ಹಿಡಿಕೆಯೊಂದನ್ನು ಗೋಡೆಗೆ ಭದ್ರವಾಗಿ ಹಾಕಿಸಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ನುಂಗುವ ಮಾತ್ರೆಗಳನ್ನೆಲ್ಲ ಒಟ್ಟಿಗೆ ಒಯ್ದು ಡಾಕ್ಟರಿಗೆ ತೋರಿಸಿ. ಅಪ್ಪ, ಅಮ್ಮ ಊರಿನಲ್ಲಿ ಇಬ್ಬರೇ ಇದ್ದರೆ, ಮುಂದಿನ ಸಲ ಹೋದಾಗ ಸ್ವೀಟ್ ಬಾಕ್ಸ್ ಕೊಟ್ಟು ಬರಬೇಡಿ. ಪ್ಲಂಬರನ್ನು ಕರೆಸಿ, ಕೆಲಸ ಮುಗಿಸಿಯೇ ಬಸ್ ಹತ್ತಿ.