ಸಂಪಾದನೆ ಇಲ್ಲದ ಸಂಪಾದನೆ

ಕುಣಿಗಲ್ ಕಡೆಯ ಮೇಷ್ಟ್ರೊಬ್ಬರು ಹೋದ ತಿಂಗಳು ತಮ್ಮ ಕಾದಂಬರಿಯ ಕರಡನ್ನು ವಾಟ್ಸಾಪಿನಲ್ಲಿ ಕಳಿಸಿ, ‘ಸುಮ್ನೆ ಒಂದ್ಸಲ ಕಣ್ಣಾಡ್ಸಿಬಿಡಪ್ಪ’ ಎಂದರು. 212 ಪುಟ. ರಾತ್ರಿ ತಿರುವಿ ಹಾಕಿದೆ. ಎರಡನೇ ಅಧ್ಯಾಯದಲ್ಲಿ ಸತ್ತ ಅಜ್ಜಿ ಒಂಬತ್ತನೆಯದರಲ್ಲಿ ಕೂತು ರಾಗಿ ಬೀಸುತ್ತಿದ್ದಳು. ಗಂಟೆಗೆ ಎಂಟು ಪುಟದಂತೆ ಓದಿ, ತಿದ್ದಿ, ಪಕ್ಕದಲ್ಲಿ ಪ್ರಶ್ನೆ ಬರೆದರೂ 26 ಗಂಟೆ ಬೇಕು.

ಇದೇ ಪುಸ್ತಕದ ಡಿಟಿಪಿಗೆ ಅವರು ತುಮಕೂರಿನಲ್ಲಿ ಪುಟಕ್ಕಿಷ್ಟು ಎಂದು ದುಡ್ಡು ಎಣಿಸಿದ್ದರು. ಮುಖಪುಟಕ್ಕೆ ಕೊಟ್ಟಿದ್ದರು. ಬಿಡುಗಡೆಯ ಶಾಲು, ಹಾರ, ಉಪ್ಪಿಟ್ಟಿಗೂ ಲೆಕ್ಕ ಹಾಕಿಟ್ಟಿದ್ದರು. ನಾನು ಅಳುಕುತ್ತಲೇ ಆರು ಸಾವಿರ ಕೇಳಿದೆ. ‘ಸಾಹಿತ್ಯ ಸೇವೆಗೂ ರೇಟು ಕಟ್ತೀಯಾ?’ ಎಂದು ಬೇಜಾರು ಮಾಡಿಕೊಂಡರು. ಈ ಸೇವೆಯ ಮಾತು ಡಿಟಿಪಿ ಅಂಗಡಿಯಲ್ಲಿ ಯಾಕೆ ಯಾರ ಬಾಯಿಗೂ ಬರುವುದಿಲ್ಲ?

ಕನ್ನಡದಲ್ಲಿ ಗಳಿಕೆಗೂ ಗ್ರಂಥ ತಿದ್ದುವುದಕ್ಕೂ ಒಂದೇ ಪದ. ಎರಡನೆಯದನ್ನು ಮಾಡುವವರಿಗೆ ಮೊದಲನೆಯದು ಗಿಟ್ಟುವುದಿಲ್ಲ. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದ ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟಿಸಿದರು. ಓಲೆಗರಿಯಲ್ಲಿ ಲಿಪಿಕಾರ ಎಡವಿದ್ದೆಲ್ಲಿ, ಯಾವ ಪಾಠ ಶುದ್ಧ ಎಂದು ಹುಡುಕುವುದನ್ನು ನಾವು ಎಂಎಯಲ್ಲಿ ಓದಿ ಪಾಸಾಗುತ್ತೇವೆ. ಸಾವಿರ ವರ್ಷದ ಹಿಂದಿನ ಕವಿಯ ಪದ್ಯ ತಿದ್ದಿದರೆ ವಿದ್ವತ್ತು, ಗುಬ್ಬಿಯಲ್ಲಿ ಬದುಕಿರುವ ಕವಿಯದನ್ನು ತಿದ್ದಿದರೆ ಬಿಟ್ಟಿ ಕೆಲಸ!

ಲೇಖಕರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಮೇಷ್ಟ್ರು ಸ್ವಂತ ದುಡ್ಡಿನಲ್ಲಿ 500 ಪ್ರತಿ ಹಾಕಿಸುತ್ತಿದ್ದಾರೆ, ಅದರಲ್ಲಿ ಅರ್ಧ ಹಂಚಿಯೇ ಖಾಲಿಯಾಗುತ್ತದೆ. ಇನ್ನು ಸಗಟು ಖರೀದಿಯಲ್ಲಿ ಗ್ರಂಥಾಲಯ ಇಲಾಖೆ ಪುಟ ಎಣಿಸಿ ಬೆಲೆ ಕೊಡುತ್ತದೆ. ಅಂದರೆ ಸಂಪಾದಕ ತನ್ನ ಕೆಲಸವನ್ನು ಸರಿಯಾಗಿ ಮಾಡಿ 40 ಪುಟ ಕಿತ್ತುಹಾಕಿದರೆ ಪುಸ್ತಕಕ್ಕೆ ಸಿಗುವ ದುಡ್ಡೂ ಅಷ್ಟು ಕಡಿಮೆ. ಈ ಲೆಕ್ಕದಲ್ಲಿ ಅವನು ಯಾರಿಗೆ ಬೇಕು? ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಒಳ್ಳೆಯದೇ. ಅದರ ಜೊತೆಗೆ ಸಂಪಾದಕರ ಸಂಭಾವನೆ ಎಂದು ಬೇರೆಯೇ ಒಂದು ಮೊತ್ತ ಇಡಲಿ. ಮೊದಲ ಪುಸ್ತಕ ಬರೆಯುವವರಿಗೇ ಇನ್ನೊಬ್ಬರ ಕಣ್ಣು ಹೆಚ್ಚು ಬೇಕಾಗುವುದು.

ಇನ್ನು ನಾವು, ಸಂಶೋಧನಾ ವಿದ್ಯಾರ್ಥಿಗಳು. ‘ಅಯ್ಯೋ, ಪರವಾಗಿಲ್ಲ ಸಾರ್’ ಎಂದು ತಿದ್ದಿಕೊಟ್ಟು, ಆಮೇಲೆ ಲೇಖಕರ ಮಾತಿನ ಕೊನೆಯ ಸಾಲಿನಲ್ಲಿ ನಮ್ಮ ಹೆಸರು ಹುಡುಕುವವರು. ರೇಟು ಕೆಡಿಸಿದ್ದು ನಾವೇ. ನಾನು ಏಳು ಪುಸ್ತಕಕ್ಕೆ ಹೀಗೆ ದುಡಿದಿದ್ದೇನೆ. ಒಂದರಲ್ಲಿ ನನ್ನ ಹೆಸರೇ ತಪ್ಪಾಗಿ ಅಚ್ಚಾಗಿದೆ. ಎಂಟನೆಯದಕ್ಕೆ ಒಪ್ಪಲಿಲ್ಲ. ಅಜ್ಜಿಯ ವಿಷಯವನ್ನು ಮಾತ್ರ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ, ಅದಕ್ಕೆ ದುಡ್ಡು ಕೇಳಲಿಲ್ಲ.