ಮಗ ಟೊರಾಂಟೊದಲ್ಲಿ, ವಿಚಾರಣೆ ಹಳೆಯ ಬಾಡಿಗೆ ಮನೆಯಲ್ಲಿ

ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಇಂದು ಒಬ್ಬರಾದರೂ ಸಮುದ್ರದಾಚೆ ನೆಲೆಸಿದವರಿದ್ದಾರೆ ಎಂದರೆ ಅತಿಶಯೋಕ್ತಿಯಾಗಲಾರದು. ಹಿಂದೆ ನಮ್ಮ ಸಭೆ ಸಮಾರಂಭಗಳಲ್ಲಿ ಮಕ್ಕಳ ವೀಸಾದ ಮಾತು ಕೇಳಿಬರುತ್ತಿತ್ತು. ಈಗ ಅದರೊಡನೆ ‘ಪಿಸಿಸಿ ಬಂತೇ?’ ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಪಿಸಿಸಿ ಎಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ವ್ಯಕ್ತಿಯ ಮೇಲೆ ಸ್ವದೇಶದಲ್ಲಿ ಕ್ರಿಮಿನಲ್ ಆರೋಪಗಳಿಲ್ಲವೆಂದು ದೃಢಪಡಿಸುವ ಪತ್ರ. ಇದರ ಬೇಡಿಕೆ ಅನಿರೀಕ್ಷಿತವಾಗಿ ಏರಿದ ಕಾರಣ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಇದಕ್ಕೆ ಅರ್ಜಿ ಸ್ವೀಕರಿಸಲು ವ್ಯವಸ್ಥೆ ಮಾಡಿತು.

ನಮಗೆ ಪರಿಚಿತವಾದ ಒಂದು ಕುಟುಂಬದ ಅನುಭವವನ್ನು ಇಲ್ಲಿ ಹೇಳಬೇಕಾಗಿದೆ. ತಂದೆ ಕಲಬುರಗಿಯವರು, ನಾಲ್ಕು ದಶಕಗಳಿಂದ ಇಲ್ಲಿಯೇ ನೆಲೆಸಿದವರು. ಮಗ ವಿದ್ಯಾರ್ಥಿಯಾಗಿ ಟೊರಾಂಟೊಗೆ ಹೋಗಿ, ಉದ್ಯೋಗ ಹಿಡಿದು, ಕಾಯಂ ವಾಸದ ಅನುಮತಿಗೆ ಮುಂದಾದ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಆಹ್ವಾನ ಬಂದ ಮೇಲೆ ಪೂರ್ಣ ಅರ್ಜಿ ಸಲ್ಲಿಸಲು 60 ದಿನಗಳ ಗಡುವು. ಕಳೆದ ಹತ್ತು ವರ್ಷಗಳಲ್ಲಿ ಸತತವಾಗಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಾಸಿಸಿದ ಪ್ರತಿಯೊಂದು ದೇಶದ ಪೊಲೀಸ್ ಪತ್ರವನ್ನೂ ಅದರೊಡನೆ ಲಗತ್ತಿಸಬೇಕು. ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಬಾರದಿತ್ತೇ ಎಂದು ಹಿರಿಯರು ಕೇಳುವುದುಂಟು. ಅದು ಸಲ್ಲದು. ಆ ದೇಶದಲ್ಲಿ ಕೊನೆಯ ಸಲ ವಾಸಿಸಿದ ಅನಂತರ ಪಡೆದ ಪತ್ರವೇ ಆಗಬೇಕೆಂಬುದು ನಿಯಮ.

ಹುಡುಗ ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಅರ್ಜಿ ಸಲ್ಲಿಸಿದ. ಇಂತಹ ಅರ್ಜಿಗಳಲ್ಲಿ ಅಗತ್ಯವೆನಿಸಿದಾಗ ಇಲ್ಲಿನ ಪೊಲೀಸರ ವರದಿ ತರಿಸಲಾಗುತ್ತದೆ. ಪಾಸ್‌ಪೋರ್ಟ್ ದಾಖಲೆಯಲ್ಲಿದ್ದುದು ಅವರು ಆರು ವರ್ಷಗಳ ಹಿಂದೆ ಬಿಟ್ಟ ಬಾಡಿಗೆ ಮನೆಯ ವಿಳಾಸ. ಕಾನ್‌ಸ್ಟೇಬಲ್ ಅಲ್ಲಿಗೆ ಹೋದಾಗ ಹೊಸ ವಾಚ್‌ಮನ್ ‘ವಾಳ್ಳು ವೆಳ್ಳಿಪೋಯಾರು’ ಎಂದು ಎರಡೇ ಮಾತಿನಲ್ಲಿ ಕಥೆ ಮುಗಿಸಿದ. ಆ ವಿಳಾಸದಲ್ಲಿ ಇಲ್ಲ ಎಂದೇ ವರದಿ ಹೋಯಿತು. ಕಾನ್‌ಸ್ಟೇಬಲ್ ಸುಳ್ಳು ಬರೆಯಲಿಲ್ಲ, ವಾಚ್‌ಮನ್ ಸುಳ್ಳು ಹೇಳಲಿಲ್ಲ. ಹುಡುಗನೂ ಯಾವ ತಪ್ಪನ್ನೂ ಮಾಡಿರಲಿಲ್ಲ. ಆದಾಗ್ಯೂ ಅರವತ್ತರಲ್ಲಿ ಹಲವು ದಿನಗಳು ಕರಗಿದವು. ತಂದೆ ಹಳೆಯ ಬಾಡಿಗೆ ಕರಾರು, ಹೊಸ ಮನೆಯ ವಿದ್ಯುತ್ ಬಿಲ್ಲು, ಹಿಂದಿನ ಮಾಲೀಕರ ಪತ್ರಗಳನ್ನು ಹಿಡಿದು ಅಲೆದಾಡಿದರು. ಗಡುವಿಗೆ ಒಂಬತ್ತು ದಿನಗಳು ಉಳಿದಿರುವಾಗ ಮಗನ ಕೈಗೆ ಪಿಸಿಸಿ ಸೇರಿತು.

ನಡತೆಯ ಪ್ರಮಾಣಪತ್ರವೆಂದು ನಾವು ಭಾವಿಸುವ ಈ ಕಾಗದವು ವಾಸ್ತವದಲ್ಲಿ ಬಹುಮಟ್ಟಿಗೆ ವಿಳಾಸದ ಪ್ರಮಾಣಪತ್ರ. ಊರೂರು ತಿರುಗಿ ನೆಲೆ ಕಂಡ ನಮ್ಮಂತಹವರಲ್ಲಿ ಅತ್ಯಂತ ದುರ್ಬಲವಾದ ದಾಖಲೆಯೂ ವಿಳಾಸವೇ. 2014ರ ಜೂನ್ 2ರಂದು ನಾವಿರುವ ರಾಜ್ಯ ಆಂಧ್ರಪ್ರದೇಶವಲ್ಲ, ತೆಲಂಗಾಣವಾಯಿತು. ಅದೇ ವರ್ಷ ನವೆಂಬರ್ 1ರಂದು ಹುಟ್ಟೂರು ಗುಲ್ಬರ್ಗಾ ಹೋಗಿ ಕಲಬುರಗಿಯಾಯಿತು. ಮನೆಯಿಂದ ಒಂದು ಹೆಜ್ಜೆ ಕದಲದವರಿಗೂ ಐದೇ ತಿಂಗಳಲ್ಲಿ ಎರಡೂ ಕಡೆಯ ಹೆಸರು ಬದಲಾಗಿತ್ತು. ಇನ್ನು 2003ರಲ್ಲಿ ಸೈಬರಾಬಾದ್, 2016ರಲ್ಲಿ ರಾಚಕೊಂಡ ಕಮಿಷನರೇಟುಗಳು ಹುಟ್ಟಿಕೊಂಡಾಗ ಎಷ್ಟೋ ಬಡಾವಣೆಗಳು ಒಂದು ಕಮಿಷನರ ವ್ಯಾಪ್ತಿಯಿಂದ ಇನ್ನೊಬ್ಬರ ವ್ಯಾಪ್ತಿಗೆ ಸೇರಿದವು. ನಮ್ಮ ಹಿರಿಯರು ಇದನ್ನು ಕೇಳಿ ನಗಬಹುದು. ಬೀದರ್, ರಾಯಚೂರು, ಗುಲ್ಬರ್ಗಾಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವಷ್ಟೆ!

ಅನ್ಯ ದೇಶಗಳ ರೀತಿಯೇ ಬೇರೆ. ಫಿಲಿಪ್ಪೀನ್ಸಿನ ಲಕ್ಷಾಂತರ ಜನ ಕೊಲ್ಲಿ ದೇಶಗಳಲ್ಲಿ ನಮ್ಮವರೊಡನೆಯೇ ದುಡಿಯುತ್ತಾರೆ. ಅವರಿಗೆ ಇಂತಹ ಪತ್ರ ನೀಡುವುದು ಎನ್‌ಬಿಐ ಎಂಬ ಕೇಂದ್ರ ತನಿಖಾ ಸಂಸ್ಥೆ. ವಿದೇಶದಲ್ಲಿರುವವರು ತಮ್ಮ ರಾಯಭಾರ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಆ ಕಾಗದವನ್ನು ಮನಿಲಾಗೆ ಕಳುಹಿಸುತ್ತಾರೆ. ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಆದರೆ ಅಲ್ಲಿಯೂ ಸಂಕಟವಿದೆ. ಅದೇ ಹೆಸರಿನ ಇನ್ನೊಬ್ಬನ ಮೇಲೆ ಪ್ರಕರಣವಿದ್ದರೆ ನಿರಪರಾಧಿಯ ಅರ್ಜಿಯೂ ತಡೆಯಾಗುತ್ತದೆ. ನಮ್ಮಲ್ಲಿ ಹೆಸರಿನಿಂದಲೇ ಹುಡುಕತೊಡಗಿದರೆ ಶ್ರೀನಿವಾಸ ಕುಲಕರ್ಣಿಗಳ ಗತಿಯೇನು ಎಂದು ಊಹಿಸಿದಾಗ, ಬೀದಿಗೆ ಬಂದು ವಿಚಾರಿಸುವ ಕಾನ್‌ಸ್ಟೇಬಲ್ ಬಗೆಗೆ ಸ್ವಲ್ಪ ಗೌರವವೇ ಮೂಡುತ್ತದೆ.

ಹಾಗೆಂದು ಈಗಿನ ಪದ್ಧತಿ ಹೀಗೆಯೇ ಇರಲಿ ಎನ್ನಲಾಗದು. ಪಾಸ್‌ಪೋರ್ಟ್ ಸೇವಾ ಯೋಜನೆಯು 2010ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಊರುಗಳಲ್ಲಿ ನಮ್ಮ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳೂ ಸೇರಿದ್ದವು. ಅದರಿಂದಾದ ಅನುಕೂಲ ಅಲ್ಪವಲ್ಲ. ದೇಶದ ಠಾಣೆಗಳ ದಾಖಲೆಗಳನ್ನು ಜೋಡಿಸುವ ಸಿಸಿಟಿಎನ್ಎಸ್ ಯೋಜನೆಗೆ 2009ರಲ್ಲಿಯೇ ಮಂಜೂರಾತಿ ದೊರೆತಿದೆ. ಅಪರಾಧದ ದಾಖಲೆ ಕಂಪ್ಯೂಟರಿನಲ್ಲಿ ಸಿಗುವುದಾದರೆ, ವರ್ಷಗಳಿಂದ ಹೊರದೇಶದಲ್ಲಿರುವ ಹುಡುಗ ಹಳೆಯ ಮನೆಯಲ್ಲಿ ಕಾಣಲಿಲ್ಲವೆಂಬುದು ಅವನ ವಿರುದ್ಧದ ಸಾಕ್ಷ್ಯವೇಕೆ ಆಗಬೇಕು? ವಿದೇಶದಿಂದ ಬರುವ ಅರ್ಜಿಗಳಿಗಾದರೂ ವಿಳಾಸವನ್ನೂ ಅಪರಾಧವನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಉಚಿತ ಎಂಬುದು ನಮ್ಮ ಅಭಿಪ್ರಾಯ.

ಅಷ್ಟರವರೆಗೆ ನಮ್ಮ ಕೈಯಲ್ಲಿರುವುದನ್ನು ನಾವೇ ಸರಿಪಡಿಸಿಕೊಳ್ಳಬೇಕು. ಬ್ಯಾಂಕಿನ ಕೌಂಟರಿನಲ್ಲಿ ಮೂರು ದಶಕ ಕಳೆದ ನಮಗೆ ಈ ಉದಾಸೀನ ಹೊಸದಲ್ಲ. ಕೆವೈಸಿಗಾಗಿ ಕರೆದಾಗ ಗೊಣಗುತ್ತ ಬರುವ ಗ್ರಾಹಕರು ಪಾಸ್‌ಪೋರ್ಟಿನ ವಿಳಾಸವನ್ನು ಹತ್ತು ವರ್ಷ ತಿರುಗಿ ನೋಡುವುದಿಲ್ಲ. ಅದನ್ನು ಬದಲಿಸಲು ಪಾಸ್‌ಪೋರ್ಟನ್ನೇ ಮರುಮುದ್ರಿಸಬೇಕು. 36 ಪುಟಗಳದ್ದಕ್ಕೆ 1500 ರೂಪಾಯಿ ಶುಲ್ಕ. ಸ್ವದೇಶದಲ್ಲಿ ಪಿಸಿಸಿಗೆ 500 ರೂಪಾಯಿ. ಪ್ರವಾಸಿ ವೀಸಾಕ್ಕೆ ಈ ಪತ್ರ ದೊರೆಯುವುದಿಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಇದಕ್ಕಾಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಲೆಕ್ಕ ಆರು ತಿಂಗಳ ವಾಸವಲ್ಲ, ಹನ್ನೆರಡು ತಿಂಗಳು. ಆದ್ದರಿಂದ ನೆರೆಮನೆಯ ಹುಡುಗನಿಗಾದಂತೆಯೇ ನಮ್ಮವನಿಗೂ ಆಗುವುದೆಂದು ತಿಳಿಯಬಾರದು.

ಆ ತಂದೆ ಕಳೆದ ವಾರ ನಮ್ಮಲ್ಲಿಗೆ ಬಂದಿದ್ದರು. ತಮ್ಮ ಮತ್ತು ಮನೆಯವರ ಪಾಸ್‌ಪೋರ್ಟುಗಳ ವಿಳಾಸ ಬದಲಿಸಲು ಅರ್ಜಿ ತುಂಬುತ್ತಿದ್ದಾರಂತೆ. ಹುಟ್ಟಿದ ಊರಿನ ಅಂಕಣಕ್ಕೆ ಬಂದು ನಿಂತುಬಿಟ್ಟಿದ್ದರು. ‘ಗುಲ್ಬರ್ಗಾ ಬರೀಲೋ, ಕಲಬುರಗಿ ಬರೀಲೋ, ನೀವೇ ಹೇಳ್ರಿ’ ಎಂದರು. ಹಳೆಯ ಪಾಸ್‌ಪೋರ್ಟ್ ತೆಗೆಸಿ, ಅದರಲ್ಲಿ ಏನಿದೆಯೆಂದು ಮೊದಲು ನೋಡಿದೆವು.